ಹಳಿಯೇರಿದ ಹಂಡೆ

ಸಾಮಾನ್ಯವಾಗಿ ಸಂಸಾರಗಳು ಕೆಡುವುದು ನಾಲಿಗೆಯಿಂದ. ಮೂಡಲಗಿಯ ಕಾಶಿನಾಥನ ಸಂಸಾರದಲ್ಲಿ ಆ ಕೆಲಸವನ್ನು ಗೋಣು ನೋಡಿಕೊಳ್ಳುತ್ತಿತ್ತು.

ಅವನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಕರಿಹಲಗೆಯ ಮುಂದೆ ನಿಂತರೆ ಶಾಖ, ಒತ್ತಡ, ವೇಗ ಎಲ್ಲವೂ ಅವನ ಮಾತು ಕೇಳುತ್ತಿದ್ದವು. ಆದರೆ ಕಾಲೇಜಿನ ಗೇಟು ದಾಟಿದ ಮೇಲೆ ಯಾರಾದರೂ ಗಟ್ಟಿ ದನಿಯಲ್ಲಿ ಪ್ರಶ್ನೆ ಹಾಕಿದರೆ, ಸರಿಯಾದ ಉತ್ತರವನ್ನು ಅವನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ, ಗೋಣು ತಾನಾಗಿ ಆಡಿ ಹೂಂ ಅಂದುಬಿಡುತ್ತಿತ್ತು. ಹೀಗೆ ಗೋಣು ಹಾಕಿಯೇ ಅವನು ಒಮ್ಮೆ ಕಾಲೇಜಿನ ಕಬಡ್ಡಿ ತಂಡಕ್ಕೆ ತರಬೇತುದಾರನಾಗಿದ್ದ. ಇನ್ನೊಮ್ಮೆ ಕಲ್ಲೋಳಿಯ ಸಂತೆಯಲ್ಲಿ ಯಾರೋ "ಮನಸ್ಸಿಗೆ ಬಂತೇನ್ರಿ?" ಎಂದದ್ದಕ್ಕೆ ಗೋಣು ಹಾಕಿ ಒಂದು ಎಮ್ಮೆಗೆ ಒಡೆಯನಾಗಿದ್ದ. ಎಮ್ಮೆ ಒಂದು ಮಳೆಗಾಲ ಇದ್ದು ಹೋಯಿತು. ಅದಕ್ಕೆಂದು ಹಿತ್ತಲಲ್ಲಿ ಕಟ್ಟಿಸಿದ ತಗಡಿನ ಶೆಡ್ಡು ಉಳಿಯಿತು.

ಆ ಶೆಡ್ಡಿನಲ್ಲಿ ಈಗ ಉಗಿಬಂಡಿ ಹುಟ್ಟುತ್ತಿತ್ತು.

ಚಿಕ್ಕವನಿದ್ದಾಗ ಅಕ್ಕನ ಕೈ ಹಿಡಿದುಕೊಂಡು ಘಟಪ್ರಭಾ ಸ್ಟೇಶನ್ನಿನಲ್ಲಿ ನೋಡಿದ್ದ ಮೀಟರ್ ಗೇಜಿನ ಕರಿ ಇಂಜಿನ್ನು, ಎಂಟರಲ್ಲಿ ಒಂದು ಪಾಲಿನ ಅಳತೆಯಲ್ಲಿ. ಗಾಜಿನ ಕಪಾಟಿನಲ್ಲಿ ಕೂಡುವಂಥದ್ದಲ್ಲ. ಕಲ್ಲಿದ್ದಲು ತಿಂದು, ನೀರು ಕುಡಿದು, ಬೆನ್ನ ಹಿಂದೆ ಮನುಷ್ಯರನ್ನು ಕೂಡಿಸಿಕೊಂಡು ನಡೆಯಬೇಕಾದದ್ದು. ಮುಚ್ಚಿಹೋದ ಒಂದು ಕಾರ್ಖಾನೆಯ ಹಳೆಯ ಲೇಥಿನ ಮೇಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹೆರೆದು ಅವನು ಗಾಲಿಗಳನ್ನು ಮಾಡಿದ್ದ. ಈಗ ಒಂದು ಗಾಲಿಯನ್ನು ಕಿರುಬೆರಳಿನಿಂದ ತಿರುಗಿಸಿದರೆ ಸಾಕು, ಉಳಿದ ಗಾಲಿಗಳು, ಎರಡೂ ಬದಿಯ ಸರಳುಗಳು, ಒಳಗಿನ ಪಿಸ್ಟನ್ನುಗಳು ಎಲ್ಲವೂ ಒಂದೇ ಉಸಿರಿನಲ್ಲಿ ಅಲುಗುತ್ತಿದ್ದವು. ಮಾಡಿದವನು ತಾನೇ. ಆದರೂ ದಿನಾಲು ಒಮ್ಮೆ ತಿರುಗಿಸಿ, ಯಾರೋ ಮಾಡಿಟ್ಟದ್ದೆಂಬಂತೆ ಬಾಯಿ ತೆರೆದು ನೋಡುತ್ತಿದ್ದ.

ಈ ಸಂಗತಿ ಹೆಂಡತಿ ಅನ್ನಪೂರ್ಣಾಳಿಗೂ ಮಗಳು ಶಿವಾನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಹಿಂದೊಮ್ಮೆ ಅವನು ಮಾಳಿಗೆಯ ಮೇಲೆ ನಿಲ್ಲಿಸಿದ್ದ ಗಾಳಿಯಂತ್ರ ಮೊದಲ ಗಾಳಿಗೇ ಹಾರಿ ಪಕ್ಕದ ಮನೆಯ ಗೌರಕ್ಕನ ಹಪ್ಪಳದ ಮೇಲೆ ಇಳಿದಿತ್ತು. ಅಂದಿನಿಂದ ಓಣಿಯಲ್ಲಿ ಯಾರೇ ಎದುರಾದರೂ "ಸರ, ಇವತ್ತ ಗಾಳಿ ಹೆಂಗೈತ್ರಿ?" ಎಂದು ಗಂಭೀರವಾಗಿ ವಿಚಾರಿಸುತ್ತಿದ್ದರು. ಐವತ್ತು ದಾಟಿದ ಮೇಷ್ಟರು ಆಟದ ರೈಲು ಮಾಡುತ್ತಿದ್ದಾರೆಂದರೆ ಏನೇನು ವಿಚಾರಿಸಿಯಾರೋ!

ಉಳಿದದ್ದು ಬಾಯ್ಲರು. ಅದಕ್ಕೆ ತಾಮ್ರ ಬೇಕು, ದಪ್ಪನೆಯದು. ಕಾಶಿನಾಥ ಗೋಕಾಕದ ಬಸ್ಸು ಹತ್ತಿ, ಬಜಾರದಲ್ಲಿ ಯಲ್ಲಾರಿಯ ಭಾಂಡೆ ಅಂಗಡಿಗೆ ಹೋದ. ತನಗೆ ಬೇಕಾದ ದಪ್ಪವನ್ನು ಬೆರಳ ಸಂದಿಯಲ್ಲಿ ಹಿಡಿದು ತೋರಿಸಿದ. ನಾಲ್ಕು ಹಂಡೆಗಳ ತಗಡನ್ನು ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಯಲ್ಲಾರಿ ಆ ಸಂದಿಯನ್ನೇ ನೋಡಿದ.

"ಅಲ್ರಿ ಸರ, ಇಷ್ಟ ದಪ್ಪನ ಹಂಡೆ ನಮ್ಮ ಅಜ್ಜ ಒಂದ ಸಲ ಯಾವುದೋ ವಾಡೇದವರಿಗೆ ಮಾಡಿ ಕೊಟ್ಟಿದ್ನಂತ. ಕೇಳೇನಿ, ಕಣ್ಣೀಲೆ ನೋಡಿಲ್ಲ. ಬುಡ ಹೆಂಗ ಇರಬೇಕ್ರಿ?"

"ಬುಡ ಬ್ಯಾಡ. ಕೊಳವಿ ಹಂಗ ಸುತ್ತಿ ಕೊಡ್ರಿ. ಬುಡ ನಾನ ಮನ್ಯಾಗ ಬೆಸೀತೇನಿ."

ಯಲ್ಲಾರಿಯ ಕೈ ಎದೆಗೆ ಹೋಯಿತು. "ಸರ, ಮನ್ಯಾಗ ಮಗಳ ಲಗ್ನ ಏನ್ರಿ?"

ಅಂಗಡಿಯಲ್ಲಿ ಕೊಡ ಆರಿಸುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಮೂಲೆಯಲ್ಲಿ ಅವನದೇ ಒಬ್ಬ ವಿದ್ಯಾರ್ಥಿಯ ತಂದೆ ಕೈಮುಗಿದು ನಿಂತಿದ್ದ. "ಆಟದ ರೈಲಿಗ್ರಿ" ಎಂಬ ಮಾತು ಕಾಶಿನಾಥನ ಗಂಟಲಿನವರೆಗೆ ಬಂದು ಕುಳಿತುಕೊಂಡಿತು. ಗೋಣು ಆಡಿತು.

ನಮ್ಮ ಕಡೆ ಹೆಣ್ಣಿಗೆ ಕೊಡುವ ಸಾಮಾನಿನಲ್ಲಿ ತಾಮ್ರದ ಹಂಡೆಗೆ ಮೊದಲ ಮರ್ಯಾದೆ. ಗಂಡಿನ ಮನೆಯ ಬಚ್ಚಲಲ್ಲಿ ಬಿಸಿನೀರಿಗೆ ಕರೆಂಟಿನ ಯಂತ್ರವಿದ್ದರೂ ಹಂಡೆ ಬೇಕು. ಹಂಡೆಯ ತಗಡು ಬಾರಿಸಿ ಬೀಗರ ಯೋಗ್ಯತೆ ಹೇಳುವ ಪಂಡಿತರಿದ್ದಾರೆ. ಹೀಗಿರುವಾಗ, ಮಗಳ ಹಂಡೆಗೆ ತಂದೆಯೇ ತನ್ನ ಕೈಯಾರೆ ಬುಡ ಬೆಸೆಯುತ್ತಾನೆಂದರೆ ಯಲ್ಲಾರಿಯ ಕಣ್ಣು ತುಂಬಿದ್ದು ತಪ್ಪಲ್ಲ. ಅವನು ತಾಮ್ರವನ್ನು ಸುತ್ತಿಸಿ, ಅದರ ಪಕ್ಕದಲ್ಲಿ ಕಾಶಿನಾಥನನ್ನು ನಿಲ್ಲಿಸಿ ಫೋಟೋ ತೆಗೆದು, ಮೊಬೈಲಿನ ಸ್ಟೇಟಸ್ಸಿಗೆ ಏರಿಸಿದ: "ಮೂಡಲಗಿ ಕಾಶಿನಾಥ ಸರ್ ಇವರ ಮಗಳ ಮದುವೆ ಹಂಡೆ. ಇಂಥ ತಂದೆ ಎಲ್ಲರಿಗೂ ಸಿಗಲಿ."

ಕಾಶಿನಾಥ ಸ್ಟೇಟಸ್ ನೋಡುವವನಲ್ಲ. ಉಳಿದವರೆಲ್ಲ ನೋಡುವವರು. ಕಾಶಿನಾಥ ಬಾಯ್ಲರಿನ ಬುಡ ಬೆಸೆಯುವಷ್ಟರಲ್ಲಿ ಹಂಡೆಯ ದಪ್ಪಕ್ಕೆ ತಕ್ಕ ಅಳಿಯನೂ ತಯಾರಾದ. ಅರಭಾವಿಯಲ್ಲಿ ಅವನು ಮಿರಜಿನ ಡಾಕ್ಟರು. ಕಲ್ಲೋಳಿ ತಲುಪಿದಾಗ ಅವನಿಗೆ ಸ್ವಂತ ಆಸ್ಪತ್ರೆಯಾಗಿತ್ತು. ಮೂಡಲಗಿಯ ಚಹಾದಂಗಡಿಗೆ ಬರುವ ಹೊತ್ತಿಗೆ ಆಸ್ಪತ್ರೆಯ ಬಾಜೂಕ ಸಕ್ಕರೆ ಕಾರ್ಖಾನೆ ಎದ್ದಿತ್ತು.

ಒಂದು ದಿನ ಪ್ರಾಚಾರ್ಯ ಬೀರಸಿದ್ದಪ್ಪನವರು ಕಾಶಿನಾಥನನ್ನು ಕೋಣೆಗೆ ಕರೆಸಿದರು.

"ಏನ್ರಿ ಕಾಶಿನಾಥ ಅವರ, ಇಷ್ಟ ದೊಡ್ಡ ಕೆಲಸಾ ನಮ್ಮಿಂದ ಮುಚ್ಚಿಟ್ಟೀರಲ್ಲ!"

ಕಾಶಿನಾಥನಿಗೆ ಇಂಜಿನ್ನಿನ ಗುಟ್ಟು ಬಯಲಾಯಿತೆನಿಸಿ ಕಿವಿ ಬಿಸಿಯಾಯಿತು. "ಮುಗದ ಮ್ಯಾಲ ಹೇಳಬೇಕಂತ ಮಾಡಿದ್ದೆ ಸರ."

"ಮುಗದ ಮ್ಯಾಲ? ಮೊದಲ ಹೇಳ್ತಾರ ಮಾರಾಯರ! ತಯಾರಿ ಎಲ್ಲೀಮಟ ಬಂತು?"

"ಇನ್ನ ನೀರ ತುಂಬಿ, ಒತ್ತಡ ಕೊಟ್ಟ ನೋಡಬೇಕ್ರಿ. ಎಲ್ಲೆರ ಸೋರಿತಂದ್ರ ಮತ್ತ ಎಲ್ಲಾ ಬಿಚ್ಚಬೇಕಾಗತೈತಿ."

ಪ್ರಾಚಾರ್ಯರು ಕನ್ನಡಕ ತೆಗೆದು ಒರೆಸಿದರು. ಇತ್ತೀಚಿನ ಲಗ್ನಗಳಲ್ಲಿ ಏನೇನು ಶಾಸ್ತ್ರ ಬಂದಿವೆಯೋ ಎಂದು ಅವರಿಗೆ ಬೆರಗಾಯಿತು. ಅಜ್ಞಾನ ತೋರಿಸಿಕೊಳ್ಳುವ ಮನಸ್ಸಾಗದೆ, "ನಾಳಿಂದನ ರಜಾ ತಗೊಳ್ರಿ. ನಮ್ಮ ಸ್ಟಾಫಿನ ಕಡಿಂದ ಒಂದ ಗ್ವಾಡಿ ಗಡಿಯಾರ" ಎಂದರು.

ಕಾಶಿನಾಥ ತೇಲುತ್ತ ಮನೆಗೆ ಬಂದ. ಇಂಜಿನ್ ಕಟ್ಟುವವನಿಗೆ ರಜೆಯನ್ನೂ ಗಡಿಯಾರವನ್ನೂ ಕೊಡುವ ಕಾಲೇಜಿನಲ್ಲಿ ಇಷ್ಟು ವರ್ಷ ಇದ್ದೂ ತಾನು ವಿಜ್ಞಾನದ ಭವಿಷ್ಯವನ್ನು ಕಡೆಗಣಿಸಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಆ ಶನಿವಾರ ಗೌರಕ್ಕ ನಾಲ್ಕು ಹೆಂಗಸರನ್ನೂ ರೊಟ್ಟಿ ಹಲಗೆಗಳನ್ನೂ ಕಟ್ಟಿಕೊಂಡು ಪಡಸಾಲೆಗೆ ಬಂದು ಕುಳಿತಳು. ಲಗ್ನದ ಮನೆಗೆ ಬಿಸಿಲಲ್ಲಿ ಒಣಗಿಸಿಡುವ ಕಟಕ ರೊಟ್ಟಿ ಬಡಿದುಕೊಡುವುದು ಓಣಿಯ ಪದ್ಧತಿ. ಯಾರೂ ಕರೆಯಬೇಕಿಲ್ಲ.

"ಯಾರ ಲಗ್ನಾನ ಗೌರಕ್ಕ?" ಎಂದಳು ಅನ್ನಪೂರ್ಣಾ.

"ನೋಡ್ರಿಯವ್ವಾ, ಹಡದಾಕಿ ಕೇಳಾಕತ್ಯಾಳ!" ಗೌರಕ್ಕ ಮೊಬೈಲು ತೆಗೆದು, ಉಳಿಸಿಟ್ಟುಕೊಂಡಿದ್ದ ಸ್ಟೇಟಸ್ಸಿನ ಫೋಟೋ ತೋರಿಸಿದಳು. ತಾಮ್ರದ ಪಕ್ಕ ಗಂಡ ನಿಂತಿದ್ದ. ಲಗ್ನದ ಮಾತೂ ಇತ್ತು.

ಅನ್ನಪೂರ್ಣಾ ಶೆಡ್ಡಿಗೆ ಓಡಿದಳು. ಕಾಶಿನಾಥ ಕಪ್ಪು ಕನ್ನಡಕ ಹಾಕಿಕೊಂಡು ಗ್ಯಾಸಿನ ಜ್ವಾಲೆಯಲ್ಲಿ ಇಂಜಿನ್ನಿನ ನೀರಿನ ಡಬ್ಬಿಗೆ ಕೊನೆಯ ಬೆಸುಗೆ ಹಾಕುತ್ತಿದ್ದ. ಜ್ವಾಲೆಯ ಭರ್ರೆಂಬ ಸದ್ದಿನಲ್ಲಿ ಜಗತ್ತಿನ ಬೇರೆ ಯಾವ ಸದ್ದೂ ಅವನನ್ನು ತಲುಪುವಂತಿರಲಿಲ್ಲ.

"ರೀ! ಶಿವಾನಿ ಲಗ್ನಾ ಗೊತ್ತ ಮಾಡೀರೇನ್ರಿ?"

ಕಾಶಿನಾಥ ಹೆಂಡತಿಯ ಬಾಯಿ ಆಡುವುದನ್ನಷ್ಟೇ ಕಂಡ. ಊಟಕ್ಕೆ ಕರೆಯುತ್ತಿದ್ದಾಳೆಂದುಕೊಂಡು ಗೋಣು ಹಾಕಿದ.

ಇಪ್ಪತ್ತೈದು ವರ್ಷ ಆ ಗೋಣಿನ ಜೊತೆ ಬಾಳಿದವಳು ಅನ್ನಪೂರ್ಣಾ. ಪಡಸಾಲೆಗೆ ಮರಳಿ, ಹಿಟ್ಟಿನ ಪರಾತದ ಮುಂದೆ ಕುಸಿದಳು. "ಗೌರಕ್ಕ, ಎಲ್ಲ್ಯೋ ಯಾರೋ ಕೇಳ್ಯಾರ, ಇವರು ಗೋಣ ಹಾಕಿ ಬಂದಾರ! ಎಮ್ಮಿ ತಂದಾಂಗ ಅಳಿಯಾನ್ನೂ ತಂದಾರ!"

"ಇರಲಿ ತಗೀಯವ್ವಾ, ಡಾಕ್ಟರ ಅದಾನಂತ" ಎಂದು ಗೌರಕ್ಕ ರೊಟ್ಟಿ ಬಡಿಯತೊಡಗಿದಳು.

ಸಂಜೆ ಶಿವಾನಿ ಅರಭಾವಿಯ ತೋಟಗಾರಿಕೆ ಕಾಲೇಜಿನಿಂದ ಬಂದಳು. ಬಸ್ಸಿನಲ್ಲಿ ಕಂಡಕ್ಟರು, "ತಂಗಿ, ನಮ್ಮನ್ನೂ ಕರೀರಿ ಮತ್ತ" ಎಂದಿದ್ದ. ಅವಳು ನೇರವಾಗಿ ಶೆಡ್ಡಿಗೆ ಹೋಗಿ ಅಪ್ಪನ ಕಪ್ಪು ಕನ್ನಡಕ ಕಿತ್ತು ತೆಗೆದಳು. "ಅಪ್ಪಾ, ನನ್ನ ಲಗ್ನ ಯಾರ ಜೋಡಿ ಆಗಾಕತ್ತೈತಿ? ನನಗೂ ಒಂದಿಷ್ಟ ಹೇಳು."

ಆಗ ಕಾಶಿನಾಥನಿಗೆ ಎಲ್ಲವೂ ತಿಳಿಯಿತು: ರಜೆ, ಗಡಿಯಾರ, ರೊಟ್ಟಿ. ತಾಯಿಗೂ ಮಗಳಿಗೂ ಯಲ್ಲಾರಿಯ ಅಂಗಡಿಯ ಗೋಣಿನ ವೃತ್ತಾಂತವನ್ನೆಲ್ಲ ಒಪ್ಪಿಸಿದ. ಅನ್ನಪೂರ್ಣಾ ಮೊದಲು ಅತ್ತು, ಆಮೇಲೆ ನಕ್ಕು, ಬೆಳಿಗ್ಗೆ ಎದ್ದ ಕೂಡಲೆ ಮನೆಮನೆಗೆ ಹೋಗಿ ಸುದ್ದಿ ಸರಿಪಡಿಸಬೇಕೆಂದು ಅಪ್ಪಣೆ ಮಾಡಿದಳು.

ಬೆಳಿಗ್ಗೆ ಎದ್ದು ನೋಡಿದರೆ ಪಡಸಾಲೆಯಲ್ಲಿ ಗೌರಕ್ಕ ಮತ್ತೆ ಹಲಗೆ ಹಾಕಿ ಕುಳಿತಿದ್ದಳು, ಅಂಗಳದಲ್ಲಿ ಶಾಮಿಯಾನದ ಮಾಲಿಂಗ ಕಂಬ ನೆಡುತ್ತಿದ್ದ. "ಮಗಳ ಲಗ್ನಕ್ಕ ಸರ ಬಾಯಿ ಬಿಟ್ಟ ಕೇಳಬೇಕೇನ್ರಿ? ನಾನ ಬಂದೆ" ಎಂದ. ಬೇಡವೆನ್ನಲು ಕಾಶಿನಾಥ ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಹೊರಗಿನಿಂದ ಒಂದು ದನಿ ಬಂತು. ಅದನ್ನು ಕೇಳಿ ಮಾಲಿಂಗನ ಸುತ್ತಿಗೆ ಮೇಲೆಯೇ ನಿಂತಿತು.

"ಕಾಶೀ! ಹೊರಗ ಬಾರೋ!"

ಹುಕ್ಕೇರಿಯಿಂದ ಮೊದಲ ಬಸ್ಸಿಗೆ ಹೊರಟು ಬಂದ ಅಕ್ಕ ದಾಕ್ಷಾಯಿಣಿ. ಸ್ಟೇಟಸ್ಸು ಅವಳ ಮೊಬೈಲಿಗೂ ಬಂದಿತ್ತು. ತಮ್ಮ ಇವತ್ತು ಬಂದಾನು, ನಾಳೆ ಬಂದಾನು ಎಂದು ಅವಳು ಬಾಗಿಲು ಕಾದಳು. ಬರಲಿಲ್ಲ.

"ಅಕ್ಕಾ, ಒಳಗ ಬಾ."

"ಹೊಸ್ತಲಾ ತುಳಿಯೂದಿಲ್ಲ. ಇನ್ನ ಮ್ಯಾಲ ಈ ಮನೀದು ಒಂದ ಹನಿ ನೀರ ಮುಟ್ಟೂದಿಲ್ಲ. ಒಂದ ಮಾತ ಕೇಳಿ ತಿರುಗಿ ಬಸ್ ಹತ್ತಾಕಿ. ಹೆಣ್ಣ ಹೊರಗ ಕೊಡೂ ಮುಂದ ಸೋದರತ್ತೀನ್ನ ಕೇಳೂ ರೂಢಿ ಐತೋ ಇಲ್ಲೋ?"

"ಐತಿ."

"ನನ್ನ ಮಗ ಶುಭಮ್ ಅದಾನೋ ಇಲ್ಲೋ?"

"ಅದಾನ."

"ಅತ್ತಿ," ಶಿವಾನಿ ನಡುವೆ ಬಂದಳು, "ನಾನು ಶುಭಮ್ ಒಬ್ಬರಿಗೊಬ್ಬರು ಬ್ಯಾಡ ಅಂತ ಯಾವಾಗೋ ಅಂದ್ಕೊಂಡೇವಿ."

"ನೀ ಸುಮ್ನಿರವಾ, ನನಗ ಗೊತ್ತೈತಿ. ನಾನೂ ಬ್ಯಾಡ ಅಂತಿದ್ದೆ! ಆದರ ನಿಮ್ಮಪ್ಪ ನನ್ನ ಮನಿಗೆ ಬಂದು, ಜಮಖಾನಿ ಮ್ಯಾಲ ಕುಂತು, ಕೇಳಿ, ಬ್ಯಾಡ ಅನ್ನಿಸ್ಕೊಂಡ ಹೋಗಬೇಕಿತ್ತು. ಅಷ್ಟ ಮಾನಾ ನನಗಿಲ್ಲೇನು?"

"ಖರೇ ಐತಿ" ಎಂದು ಗೌರಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು ತೀರ್ಪು ಕೊಟ್ಟಳು. ಓಣಿ ಅಷ್ಟೊತ್ತಿಗೆ ಗೇಟಿನಲ್ಲಿ ಸೇರಿತ್ತು.

"ಲಗ್ನಾನ ಇಲ್ಲಕ್ಕಾ!"

"ಹಂಗಾರ ಈ ಮಂಟಪ?"

"ಅದು ಮಾಲಿಂಗ…"

"ರೊಟ್ಟಿ?"

"ಅದು ಗೌರಕ್ಕ…"

"ಹಂಡೆ? ಹಂಡೆ ಎಲ್ಲೈತಿ?"

"ಹಂಡೆ ಇಂಜಿನ್ ಹೊಟ್ಟ್ಯಾಗ ಐತಿ" ಎಂದ ಕಾಶಿನಾಥ. ಅದು ಪೂರ್ತಿ ನಿಜವಾಗಿತ್ತು. ಭೂಮಿಯ ಮೇಲೆ ಆಡಿದ ನಿಜಗಳಲ್ಲಿ ಅಷ್ಟು ಸುಳ್ಳಾಗಿ ಕೇಳಿಸಿದ್ದು ಇನ್ನೊಂದಿರಲಾರದು.

ದಾಕ್ಷಾಯಿಣಿ ಹೊಸ್ತಿಲು ತುಳಿಯದೆ, ಮನೆಯ ಪಕ್ಕದ ಸಂದಿಯಿಂದ ಹಿತ್ತಲಿಗೆ ಬಂದಳು. ಹಿಂದೆ ಓಣಿಯೆಲ್ಲ ಬಂತು. ಶೆಡ್ಡಿನಲ್ಲಿ ಇಂಜಿನ್ನು ನಿಂತಿತ್ತು. ಆದರೆ ತಾಮ್ರದ ಒಂದು ಚೂರೂ ಕಾಣುತ್ತಿರಲಿಲ್ಲ. ಶಾಖ ಹೊರಗೆ ಹೋಗಬಾರದೆಂದು ಕಾಶಿನಾಥ ರಜೆಯ ಮೊದಲ ದಿನಗಳಲ್ಲೇ ಬಾಯ್ಲರಿಗೆ ಕರಿ ತಗಡಿನ ಅಂಗಿ ತೊಡಿಸಿ ನಟ್ಟು ಬಿಗಿದಿದ್ದ.

"ಕರೇ ತಗಡಾ ತೋರಿಸಿ ಮಳ್ಳ ಮಾಡ್ತೀಯೇನು? ಬಿಚ್ಚು."

"ಬಿಚ್ಚಾಕ ಮ್ಯಾಲಿನ ಕೊಳವಿ ಎಲ್ಲಾ ತಗೀಬೇಕು, ಮತ್ತ ಕೂಡಸೂದು ವಾರದ ಕೆಲಸ ಐತಿ ಅಕ್ಕಾ. ಆದರ…" ಕಾಶಿನಾಥ ಇಂಜಿನ್ನಿನ ಮೇಲೆ ಕೈ ಇಟ್ಟ. "ಇದು ನಡದ್ರ ನಂಬ್ತೀಯಾ?"

"ನಡೀಲಿ, ನೋಡೂಣು. ನಡೀಲಿಲ್ಲಾ, ಇವತ್ತಿಗೆ ನಿನಗ ಅಕ್ಕ ಇಲ್ಲ, ನನಗ ತವರ ಇಲ್ಲ."

ತಣ್ಣೀರು ತುಂಬಿ ಒತ್ತಡ ಕೊಟ್ಟು ಬಾಯ್ಲರನ್ನು ಪರೀಕ್ಷಿಸಿ ಆಗಿತ್ತು. ಬೆಂಕಿಯನ್ನು ಅದು ಇನ್ನೂ ಕಂಡಿರಲಿಲ್ಲ. ಮೊದಲ ಉಗಿಯನ್ನು ಯಾರೂ ಇಲ್ಲದಾಗ, ಬಾಗಿಲು ಹಾಕಿಕೊಂಡು ನೋಡಬೇಕೆಂಬುದು ಕಾಶಿನಾಥನ ಬಯಕೆಯಾಗಿತ್ತು.

ಅವನು ಇಂಜಿನ್ನನ್ನು ಹಳಿಗೆ ದೂಡಿದ. ಕಬ್ಬಿಣದ ಪಟ್ಟಿಗಳ ಆ ಹಳಿ ಶೆಡ್ಡಿನಿಂದ ಹೊರಟು, ಚಿಕ್ಕು ಗಿಡವನ್ನು ಬಳಸಿ, ಬಚ್ಚಲ ಬದಿಯಿಂದ ತಿರುಗಿ ಬರುತ್ತಿತ್ತು. ಮುಂದಿನದು ನೀರು. ಬೋರಿನ ನೀರು ಬಾಯಿಗಿಡಲಾಗದಷ್ಟು ಸವಳು. ಬಾಯ್ಲರಿನೊಳಗೆ ಅದು ಸುಣ್ಣದ ಪದರು ಕಟ್ಟುತ್ತದೆ. ಆದ್ದರಿಂದ ಅವನು ಅಡುಗೆಮನೆಯಲ್ಲಿದ್ದ ಕುಡಿಯುವ ನೀರಿನ ಕ್ಯಾನುಗಳನ್ನೆಲ್ಲ ಹೊತ್ತು ತಂದ. ಬಾಯ್ಲರಿಗೆ ಬೇಕಾದಷ್ಟು ಸುರಿದು, ಉಳಿದದ್ದನ್ನು ಇಂಜಿನ್ನಿನ ಬೆನ್ನಿಗಿದ್ದ ನೀರಿನ ಡಬ್ಬಿಗೆ ಬಗ್ಗಿಸಿದ. "ನಮಗೊಂದ ಚರಗೀನೂ ಇಡಲಿಲ್ಲ" ಎಂದು ಅನ್ನಪೂರ್ಣಾ ಗೊಣಗಿದಳು.

ತೆಂಗಿನ ಚಿಪ್ಪು, ಇದ್ದಿಲು, ಮೇಲೆ ಕಲ್ಲಿದ್ದಲು. ಹೊಗೆ ಎದ್ದಿತು. ಗುಂಪು ಕೆಮ್ಮಿತು. "ಗಾಳಿ ಹೆಂಗೈತ್ರಿ ಸರ?" ಎಂದು ಯಾರೋ ಕೇಳಿದರು. ಯಾರೂ ನಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಒತ್ತಡದ ಮುಳ್ಳು ಅಲುಗಿತ್ತು. ಉಪ್ಪಿನ ಹರಳಿನಷ್ಟು ಸರಿಯಿತು. ಮತ್ತಷ್ಟು ಸರಿಯಿತು. ಇಷ್ಟು ಹೊತ್ತು ಬರಿ ಕಬ್ಬಿಣವಾಗಿದ್ದದ್ದು ಒಳಗೊಳಗೇ ಗುನುಗತೊಡಗಿತು, ತಟ್ಟಿದರೆ ಎದ್ದು ಕೂಡುವ ನಿದ್ದೆಗಣ್ಣಿನ ಪ್ರಾಣಿಯ ಹಾಗೆ. ಒಮ್ಮೆಲೇ ಸೇಫ್ಟಿ ವಾಲ್ವು ಭುಸ್ಸೆಂದು ತೆರೆದು ಬಿಳಿ ಉಗಿ ಚಿಕ್ಕು ಗಿಡದ ತುದಿಗೇರಿತು. ಗೌರಕ್ಕ ಹಿಟ್ಟಿನ ಕೈಯಲ್ಲೇ ಮಾಲಿಂಗನ ಬೆನ್ನ ಹಿಂದೆ ಅಡಗಿದಳು. ಆಗಷ್ಟೇ ಗಡಿಯಾರದ ಡಬ್ಬಿ ಹಿಡಿದು ಒಳಗೆ ಬಂದ ಪ್ರಾಚಾರ್ಯರು ಇದ್ದಲ್ಲೇ ನಿಂತರು.

ಕಾಶಿನಾಥ ಇಂಜಿನ್ನಿನ ಹಿಂದೆ ಕೂಡಿಸಿದ್ದ ಎರಡು ಪುಟ್ಟ ಗಾಡಿಗಳಲ್ಲಿ ಮುಂದಿನದರ ಮೇಲೆ ಕುಳಿತು, ಉಗಿಯ ಹಿಡಿಕೆಯನ್ನು ಎಳೆದ.

ಇಂಜಿನ್ನು ನಡೆಯಲಿಲ್ಲ.

ಮತ್ತೆ ಎಳೆದ. ಉಗಿ ಸುಂಯ್ ಎಂದಿತು. ಗಾಲಿಗಳು ಅಲುಗಲಿಲ್ಲ. ಕಾಶಿನಾಥನ ಮುಖದ ಬೆವರು ಮಸಿಯ ಜೊತೆ ಇಳಿಯಿತು. ಕೊಳವೆ ನೋಡಿದ, ವಾಲ್ವು ನೋಡಿದ, ಮುಳ್ಳು ನೋಡಿದ. ಎಲ್ಲ ಸರಿಯಿದ್ದವು. ದಾಕ್ಷಾಯಿಣಿ ಸೆರಗು ಬಿಗಿದು ಹೊರಡಲು ತಿರುಗಿದಳು. ಎರಡು ಹೆಜ್ಜೆ ಹೋದವಳು, ತಡೆಯಲಾರದೆ ಕೂಗಿದಳು:

"ಎಲಾ ಮಳ್ಳ, ಮುಂದ ಹೋಗಂತ ಅದಕ್ಕ ಹೇಳೀಯೋ ಇಲ್ಲೋ?"

ಕಾಶಿನಾಥ ಕೆಳಗೆ ನೋಡಿದ. ಮುಂದಕ್ಕೋ ಹಿಂದಕ್ಕೋ ಎಂದು ಇಂಜಿನ್ನಿಗೆ ತಿಳಿಸುವ ಲಿವರು ನಟ್ಟನಡುವೆ ನಿಂತಿತ್ತು. ಹೋಗು ಎಂದೂ ಅಲ್ಲ, ಬಾ ಎಂದೂ ಅಲ್ಲ. ಮೈತುಂಬ ಉಗಿ ತುಂಬಿಕೊಂಡು, ಒಡೆಯ ಒಂದು ಮಾತು ಸ್ಪಷ್ಟವಾಗಿ ಹೇಳಲಿ ಎಂದು ಇಂಜಿನ್ನು ಪಾಪ ಕಾಯುತ್ತಿತ್ತು.

ಅವನು ಲಿವರನ್ನು ಮುಂದಕ್ಕೆ ತಳ್ಳಿದ.

ಛಫ್.

ಒಂದು ಉಸಿರು. ಆರು ಗಾಲಿಗಳು, ಎರಡು ಸರಳುಗಳು. ಛಫ್. ಇನ್ನೊಂದು. ಎಳೆಯ ಕರುವಿನಂತೆ ಒಮ್ಮೆ ನಡುಗಿ, ಕರಿ ಇಂಜಿನ್ನು ಶೆಡ್ಡಿನ ನೆರಳಿನಿಂದ ಬಿಸಿಲಿಗೆ ಬಂತು. ಮಾಲಿಂಗ ಅಂಗಳದಿಂದ ಸಂದಿಯಗುಂಟ ಹಿಡಿದುಕೊಂಡೇ ಬಂದಿದ್ದ ಹಗ್ಗವನ್ನು ಬಿಟ್ಟ. ಅತ್ತ ಅಂಗಳದಲ್ಲಿ ಶಾಮಿಯಾನದ ಒಂದು ಮೂಲೆ ಕುಸಿದು, ಒಣಗಲು ಹಾಕಿದ್ದ ರೊಟ್ಟಿಗಳ ಮೇಲೆ ಬಿತ್ತು. ಅದನ್ನೂ ಯಾರೂ ನೋಡಲಿಲ್ಲ. ಚಿಕ್ಕು ಗಿಡ ಬಳಸುವಾಗ ಕಾಶಿನಾಥ ಸೀಟಿ ಎಳೆದ. ಆ ಕೂಗಿಗೆ ಓಣಿಯ ನಾಯಿಗಳೆಲ್ಲ ಸುಮ್ಮನಾದವು.

"ಉಗಿಯಿಂದ ಚಲನೆ," ಪ್ರಾಚಾರ್ಯರು ಗಡಿಯಾರವನ್ನು ಎದೆಗಪ್ಪಿಕೊಂಡು ಪಿಸುಗುಟ್ಟಿದರು. "ಮೂವತ್ತ ವರ್ಷ ಪುಸ್ತಕದಾಗ ಕಲಿಸೇನಿ. ಇದು ಖರೇನ ಐತಲ್ರಿ!"

ಇಂಜಿನ್ನು ಸುತ್ತು ಮುಗಿಸಿ ದಾಕ್ಷಾಯಿಣಿಯ ಮುಂದೆ ಬಂದು ನಿಂತಿತು. ಅವಳು ಬಾಗಿ ಅದನ್ನು ನೋಡಿದಳು. ಕೈ ಚಾಚಿ, ಬಿಸಿಗೆ ಹಿಂದೆಗೆದುಕೊಂಡಳು.

"ಇದು ನನ್ನ ಎಳೀತೈತೇನು?"

ದಾಕ್ಷಾಯಿಣಿ ಗಟ್ಟಿಮುಟ್ಟಾದ ಹೆಂಗಸು. ಆಟೋದವರು ಅವಳ ಪಕ್ಕ ಇನ್ನೊಬ್ಬರನ್ನು ಹತ್ತಿಸುವುದಿಲ್ಲ. ಅವಳು ಹಿಂದಿನ ಗಾಡಿಯ ಮೇಲೆ ಸೆರಗು ಸುತ್ತಿ ಕುಳಿತಾಗ ಹಳಿ ಕಿರುಗುಟ್ಟಿತು. ಛಫ್, ಎಂದು ಇಂಜಿನ್ನು ಒಮ್ಮೆ ಜಾರಿತು. ಆಮೇಲೆ ಗಾಲಿ ಕಚ್ಚಿ ಹಿಡಿಯಿತು. ಮೊಣಕಾಲೆತ್ತರದ ಆ ಯಂತ್ರ, ನೀರು ಮತ್ತು ಬೆಂಕಿಯ ಹೊರತು ಏನೂ ಇಲ್ಲದ್ದು, ಅಕ್ಕನನ್ನೂ ತಮ್ಮನನ್ನೂ ಎಳೆದುಕೊಂಡು ಹೊರಟಿತು. ಹಳಿಯ ಜೋಡಣೆಗಳ ಮೇಲೆ ಗಾಲಿಗಳು ಟಕ್ ಟಕ್ ಎಂದವು. ಮೊದಲ ಸುತ್ತಿನಲ್ಲಿ ಅವಳು ಗಾಡಿಯ ಅಂಚನ್ನು ಹಿಡಿದಿದ್ದಳು. ಎರಡನೆಯದರಲ್ಲಿ ತಮ್ಮನ ಅಂಗಿಯನ್ನು ಹಿಡಿದಿದ್ದಳು.

"ಕಾಶೀ," ಎಂದಳು ಮೆಲ್ಲಗೆ, "ಇದು ಘಟಪ್ರಭಾದ್ದ ಸಪ್ಪಳ ಅಲ್ಲೇನೋ."

ಇಂಜಿನ್ನು ನಿಂತಾಗ ಅವಳ ಮೂಗಿನ ಮೇಲೆ ಮಸಿ, ಕೂದಲಲ್ಲಿ ಕಿಡಿಯ ಬೂದಿ. ಇಳಿಯಲಿಲ್ಲ. ಸುತ್ತ ಎಲ್ಲರನ್ನೂ ನೋಡಿ, ಗಂಟಲು ಸರಿಮಾಡಿಕೊಂಡು ಅಂದಳು: "ಅನ್ನಪೂರ್ಣಾ, ಬಾಯಿ ಒಣಗೇತಿ. ನೀರ ಕೊಡು."

ಗುಂಪಿನಲ್ಲಿ ಯಾರೋ ಉಸಿರು ಬಿಟ್ಟರು. ಅನ್ನಪೂರ್ಣಾ ಅಡುಗೆಮನೆಗೆ ಓಡಿದಳು. ಕ್ಯಾನುಗಳನ್ನು ಒಂದೊಂದಾಗಿ ಬಗ್ಗಿಸಿದಳು. ಖಾಲಿ ಚರಗಿ ಹಿಡಿದು ಅಳುಮುಖದಲ್ಲಿ ತಿರುಗಿ ಬಂದಳು. "ಅಕ್ಕಾರ, ಇದ್ದಬದ್ದ ನೀರೆಲ್ಲಾ ಇವರು…"

"ನಮ್ಮ ಮನೀದು ತರ್ತೇನಿ" ಎಂದು ಗೌರಕ್ಕ ಹೊರಟಳು.

"ನಿಲ್ಲು," ಎಂದಳು ದಾಕ್ಷಾಯಿಣಿ. "ನಾ ಆಣಿ ಮಾಡಿದ್ದು ಈ ಮನಿ ನೀರಿಂದು. ಮುರಿದ್ರೂ ಈ ಮನಿ ನೀರಿಂದನ ಮುರೀಬೇಕು."

ಚರಗಿ ಕಸಿದುಕೊಂಡು, ತಮ್ಮನ ಹೆಗಲ ಮೇಲಿಂದ ಬಾಗಿ ಇಂಜಿನ್ನಿನ ಬೆನ್ನಿನ ಡಬ್ಬಿಯ ಮುಚ್ಚಳ ತೆಗೆದು, ಅದ್ದಿದಳು. ಒಂದೇ ಉಸಿರಿಗೆ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಾಗ ಮಸಿ ಗಲ್ಲದ ತನಕ ಹರಡಿತು.

"ಎಣ್ಣಿ ವಾಸನಿ ಬರತೈತಿ," ಎಂದಳು. "ಇರಲಿ. ಇನ್ನೊಂದ ಸುತ್ತ ಹೋಗೂಣೇನೋ?"

ಓಣಿಯ ಕಣ್ಣೆಲ್ಲ ಕಾಶಿನಾಥನ ಗೋಣಿನ ಮೇಲಿದ್ದವು. ಅವನು ಅದನ್ನು ಅಲುಗಿಸಲಿಲ್ಲ. ಬಾಯಿ ತೆರೆದು, ಗೇಟಿನಲ್ಲಿದ್ದವರಿಗೂ ಕೇಳುವಂತೆ, "ಹೋಗೂಣಕ್ಕಾ" ಎಂದ. ಆಮೇಲೆ ಲಿವರನ್ನು ಮುಂದಕ್ಕೆ ತಳ್ಳಿದ.